ಡಿಫ್ರನ್ಸ್ ಹೋಗೇತಿ

ಬೈಲಹೊಂಗಲದಿಂದ ಮುರಗೋಡದ ಕಡೆ ಹೊರಟರೆ ಊರು ಮುಗಿಯುವಲ್ಲಿ ಒಂದು ಗ್ಯಾರೇಜು ಸಿಗುತ್ತದೆ. ಅದರ ತಗಡಿನ ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ಹೀಗೆ ಬರೆಸಿದ್ದಾರೆ: ‘ಇಲ್ಲಿ ಎಲ್ಲಾ ನಮೂನಿ ಡಿಫ್ರನ್ಸ್ ಬಿಚ್ಚಿ ರಿಪೇರಿ ಮಾಡಿ ಕೊಡಲಾಗುವುದು.’ ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಲಗ್ನಪತ್ರಿಕೆಯಾಗಲಿ, ಬಸ್ಸಿನ ಬೆನ್ನ ಮೇಲಿನ ಜಾಹೀರಾತಾಗಲಿ, ಅಕ್ಷರ ತಪ್ಪಿದ್ದರೆ ಅನ್ನದಲ್ಲಿ ಹರಳು ಸಿಕ್ಕಂತಾಗಿ ಮುಂದಕ್ಕೆ ಹೋಗಲು ಆಗುವುದಿಲ್ಲ. ಈ ಚಟದಿಂದಾಗಿ ನಮ್ಮ ಮನೆಯವರು ನನ್ನ ಜೊತೆ ಪೇಟೆಗೆ ಬರುವುದನ್ನೇ ಬಿಟ್ಟಿದ್ದಾರೆ. ಆದರೆ ಈ ಬೋರ್ಡನ್ನು ಮಾತ್ರ ನಾನು ಮನಸ್ಸಿನಲ್ಲಿಯೂ ತಿದ್ದಿಲ್ಲ. ಮೊನ್ನೆ ಅದರ ಮುಂದೆ ಕಾರು ನಿಲ್ಲಿಸಿಕೊಂಡು ಒಬ್ಬಳೇ ನಗುತ್ತ ಕೂತಿದ್ದೆ. ಗ್ಯಾರೇಜಿನವನು ಹೊರಗೆ ಬಂದು, ‘ಏನ್ ಆಗೇತ್ರೀ ಮೇಡಂ ಗಾಡಿಗೆ?’ ಎಂದು ಕೇಳಿದ. ಗಾಡಿಗೆ ಏನೂ ಆಗಿರಲಿಲ್ಲ. ಏನಾಗಿತ್ತು ಎಂಬುದನ್ನು ಅವನಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ನಮ್ಮ ಕಡೆ ಡಿಫ್ರನ್ಸ್ ಎಂಬ ಮಾತಿಗೆ ಎರಡು ಅರ್ಥ. ಮನೆಯೊಳಗೆ ಅದು ಮನಸ್ತಾಪ. ‘ಅವರಿಬ್ಬರದೂ ಡಿಫ್ರನ್ಸ್ ಐತಿ’ ಎಂದರೆ ಮಾತುಕತೆ ನಿಂತಿದೆ, ಒಬ್ಬರು ಬಂದ ಕಾರ್ಯಕ್ಕೆ ಇನ್ನೊಬ್ಬರು ಬರುವುದಿಲ್ಲ ಎಂದು ತಿಳಿದುಕೊಳ್ಳಬೇಕು. ಮನೆಯ ಹೊರಗೆ, ಅಂದರೆ ಟ್ರ್ಯಾಕ್ಟರು, ಲಾರಿ, ಗ್ಯಾರೇಜುಗಳ ಲೋಕದಲ್ಲಿ, ಅದು ಡಿಫರೆನ್ಷಿಯಲ್ ಎಂಬ ಉದ್ದ ಹೆಸರಿನ ಮೊಟಕು ರೂಪ. ಇಂಜಿನ್ನಿನ ಬಲವನ್ನು ಎರಡು ಗಾಲಿಗಳಿಗೆ ಹಂಚಿಕೊಡುವ ಗೇರುಗಳ ಗುಂಪಿಗೆ ಆ ಹೆಸರು.

ಕಟಕೋಳದಲ್ಲಿ ನಾನು ಬೆಳೆಯುವಾಗ ಈ ಎರಡೂ ಬೇರೆ ಬೇರೆ ಎಂದು ಯಾರೂ ಹೇಳಿರಲಿಲ್ಲ. ರಾಮದುರ್ಗಕ್ಕೆ ಮಂದಿಯನ್ನು ಒಯ್ಯುವ ಜೀಪೊಂದು ನಮ್ಮ ಓಣಿಯ ಬೇವಿನ ಗಿಡದ ಕೆಳಗೆ ನಿಲ್ಲುತ್ತಿತ್ತು. ಅದರ ಕೆಳಗೆ ಅಂಗಾತ ಮಲಗಿ ಹೊಟ್ಟೆ ನೋಡುವುದು ನನ್ನ ಆಟ. ಎದ್ದಾಗ ಬೆನ್ನಿಗೆ ಮಣ್ಣು, ಜಡೆಗೆ ಎಣ್ಣೆ, ಆಮೇಲೆ ಮನೆಯಲ್ಲಿ ಅವ್ವನ ಪೂಜೆ. ಹಿಂದಿನ ಎರಡು ಗಾಲಿಗಳ ನಡುವೆ ಕಬ್ಬಿಣದ ದುಂಡನೆಯ ಗಡಿಗೆಯೊಂದು ಕಾಣುತ್ತಿತ್ತು. ಅದರೊಳಗೆ ಏನಿದೆ ಎಂದು ಡ್ರೈವರ್ ಕಾಕಾನನ್ನು ಕೇಳಿದೆ. ‘ಅದ್ರಾಗ ಡಿಫ್ರನ್ಸ್ ಇರತೈತಿ ತಂಗಿ, ಎರಡೂ ಗಾಲಿ ನಡಕ’ ಎಂದ. ನನಗೆ ಎಲ್ಲ ಅರ್ಥವಾಯಿತು. ಹಿಂದಿನ ಗಾಲಿಗಳೆರಡೂ ಮಾತು ಬಿಟ್ಟಿವೆ, ಅದಕ್ಕೇ ಒಂದು ಆ ತುದಿಗೆ, ಒಂದು ಈ ತುದಿಗೆ ನಿಂತಿವೆ. ಮುಂದಿನವೆರಡು ಅನ್ಯೋನ್ಯವಾಗಿವೆ, ಅವುಗಳ ನಡುವೆ ಗಡಿಗೆಯೇ ಇಲ್ಲ. ಈ ಶೋಧವನ್ನು ಸಾಲಿಯಲ್ಲಿ ಗೆಳತಿಯರಿಗೂ ಹೇಳಿ ನಂಬಿಸಿದ್ದೆ.

ದೊಡ್ಡವಳಾದ ಮೇಲೆ ಆ ಗಡಿಗೆ ಮರೆತೇ ಹೋಗಿತ್ತು. ತಲೆಗೂದಲು ಬಿಳಿಯಾಗುವ ಹೊತ್ತಿಗೆ ನನಗೆ ಕಾರು ಕಲಿಯುವ ಹುಕಿ ಬಂತು. ಹಳೆಯದೊಂದು ಚಿಕ್ಕ ಕಾರು ಕೊಂಡೆವು. ಅದು ಮನೆಗೆ ಬಂದ ದಿನ ನಾನು ಮಾಡಿದ ಮೊದಲ ಕೆಲಸ ಬಗ್ಗಿ ಹಿಂದಿನ ಗಾಲಿಗಳ ನಡುವೆ ನೋಡಿದ್ದು. ಗಡಿಗೆ ಇರಲಿಲ್ಲ. ಕಲಿಸಲು ಬಂದವನನ್ನು ಕೇಳಿದೆ, ‘ಇದಕ್ಕ ಡಿಫ್ರನ್ಸ್ ಇಲ್ಲೇನ್ರಿ?’ ಅವನು, ‘ಮೇಡಂ, ನೀವು ಮದ್ಲ ಕ್ಲಚ್ ಬಿಡೂದು ಕಲೀರಿ’ ಎಂದ. ಕ್ಲಚ್ ಬಿಡುವುದನ್ನು ಕಲಿತೆ, ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಇನ್ನು ಮನೆಯೊಳಗಿನ ಡಿಫ್ರನ್ಸಿಗೆ ಬರುತ್ತೇನೆ. ನನ್ನ ಅವ್ವ ಗಂಗವ್ವ, ಅಪ್ಪ ಹೋದ ಮೇಲೆ ಬೈಲಹೊಂಗಲದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಅವಳ ತಂಗಿ ನೀಲವ್ವ, ನನ್ನ ಚಿಗವ್ವ, ಇರುವುದು ಸವದತ್ತಿಯಲ್ಲಿ. ಚಿಗವ್ವ ಹೊಸ ಮನೆ ಕಟ್ಟಿಸಿದಾಗ ನಾವೆಲ್ಲ ವಾಸ್ತುಶಾಂತಿಗೆ ಹೋಗಿದ್ದೆವು. ಅವ್ವ ಆಯೇರಿ ಮಾಡಲೆಂದು ಒಂದು ಹಸಿರು ಇಳಕಲ್ ಸೀರೆ ಒಯ್ದಿದ್ದಳು. ಕಾರ್ಯದ ಮನೆಯವರಿಗೆ ಬಂಧುಗಳು ಬಟ್ಟೆ ಕೊಡುವ ಈ ಆಯೇರಿ ಪದ್ಧತಿ ನಿಮ್ಮ ಕಡೆ ಹೇಗೋ ಗೊತ್ತಿಲ್ಲ, ನಮ್ಮಲ್ಲಿ ಆಯೇರಿ ಸೀರೆಗಳನ್ನು ಉಡುವವರು ಕಡಿಮೆ. ಅವು ಒಂದು ಟ್ರಂಕಿನಿಂದ ಎದ್ದು ಇನ್ನೊಂದು ಕಾರ್ಯಕ್ಕೆ, ಅಲ್ಲಿಂದ ಮತ್ತೊಂದು ಟ್ರಂಕಿಗೆ, ಹೀಗೆ ತಾಲೂಕು ತಾಲೂಕು ತಿರುಗುತ್ತವೆ. ಅದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಚಿಗವ್ವ ಸೀರೆಯ ಮಡಿಕೆ ಬಿಚ್ಚಿದಳು. ಕೆಳ ಅಂಚಿಗೆ ಕೆಂಪು ದಾರದಲ್ಲಿ ಫಾಲ್ ಹಚ್ಚಿತ್ತು. ಹಸಿರು ದಾರ ಮುಗಿದಿದೆಯೆಂದು ಕೆಂಪು ದಾರದಿಂದ ಹೊಲಿದವಳು ಚಿಗವ್ವನೇ. ಎಂದೋ ಯಾವುದೋ ಮದುವೆಯಲ್ಲಿ ಯಾರಿಗೋ ಅವಳು ಕೊಟ್ಟ ಸೀರೆ ಅದು. ಯಾರ ಯಾರ ಮನೆ ಸುತ್ತಿ ಅವ್ವನ ಕೈಗೆ ಬಂದಿತ್ತೋ ಆ ಶಿವನಿಗೇ ಗೊತ್ತು. ‘ಅಕ್ಕಾ, ಈ ಸೀರಿ ತವರಮನಿಗೆ ಬಂತು ನೋಡು’ ಎಂದಳು ಚಿಗವ್ವ, ಕೂಡಿದ ಹೆಣ್ಣುಮಕ್ಕಳ ಎದುರಿಗೆ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಆದರೆ ಪಂಕ್ತಿ ಕೂರುವ ಮೊದಲೇ ತಲೆನೋವಿನ ನೆವ ಹೇಳಿ ನನ್ನನ್ನು ಎಬ್ಬಿಸಿಕೊಂಡು ಬಸ್ ಹತ್ತಿದಳು. ನಾಲ್ಕು ಮಂದಿಯ ಎದುರು ನಗೆಪಾಟಲು ಮಾಡಿದಳು ಎಂದು ಅವ್ವನಿಗೆ ನೋವು. ಹೊಸ ಮನೆಯ ಮೊದಲ ಊಟ ಒಡಹುಟ್ಟಿದ ಅಕ್ಕನೇ ಉಣ್ಣಲಿಲ್ಲ ಎಂದು ಚಿಗವ್ವನಿಗೆ ನೋವು.

ಅದಕ್ಕಿಂತ ಮೊದಲು ಪ್ರತಿ ಭಾನುವಾರ ಮುಂಜಾನೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತೆಂದರೆ ಏನೂ ಇಲ್ಲ. ಇಂದು ಯಾವ ಪಲ್ಯ, ಮೊಣಕಾಲು ಹೇಗಿದೆ, ಹಾಲಿನವನು ನೀರು ಹಾಕುವುದನ್ನು ಬಿಟ್ಟನೋ ಇಲ್ಲವೋ. ಈಗ ಭಾನುವಾರ ಅವ್ವ ಅದೇ ಹೊತ್ತಿಗೆ ಫೋನಿರುವ ಕಿಟಕಿಯ ಹತ್ತಿರ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕೂರುತ್ತಿದ್ದಳು. ಬೇಳೆಯಲ್ಲಿ ಹರಳೇ ಇಲ್ಲ, ಪ್ಯಾಕೆಟ್ಟಿನ ಬೇಳೆ ಅದು. ಫೋನ್ ರಿಂಗಾದರೆ ‘ಯಾರದು?’ ಎನ್ನುವಳು. ಬೇರೆ ಯಾರದೋ ಎಂದಾಗ ‘ಹ್ಞೂಂ’ ಎಂದು ಮತ್ತೆ ಬೇಳೆಗೆ ಕೈ ಹಾಕುವಳು. ನೋಡಲು ನನಗೆ ಬಹಳ ಸಂಕಟವಾಗುತ್ತಿತ್ತು. ನಾನೇ ಹಚ್ಚಿಕೊಡಲೇ ಎಂದರೆ, ‘ಸಣ್ಣಾಕಿ ಆಕಿ, ಆಕೀನ ಮಾತಾಡ್ಲಿ’ ಎಂಬ ಉತ್ತರ.

ಅಂಥದೊಂದು ಭಾನುವಾರ ನನ್ನ ಫೋನಿಗೆ ಚಿಗವ್ವನ ಮಗ ಬಸು ಕಳಿಸಿದ ದನಿಯ ಸಂದೇಶ ಬಂತು. ನನ್ನ ಕೈಯೆಲ್ಲ ಜೋಳದ ಹಿಟ್ಟು. ಕಿರುಬೆರಳಿನಿಂದ ಒತ್ತಿದೆ. ಬಸುವಿನ ದನಿ ಅಡುಗೆಮನೆಯ ತುಂಬ ಕೇಳಿಸಿತು: ‘ಅಕ್ಕಾ, ಮುರಗೋಡದಾಗ ಅದೇವಿ. ಅವ್ವನೂ ಕೂಡ ಅದಾಳ. ಡಿಫ್ರನ್ಸ್ ಹೋಗೇತಿ ನೋಡು. ನೀ ಬಂದ್ರ ಚಲೋ ಆಗತೈತಿ.’

ಕಿಟಕಿಯ ಹತ್ತಿರ ಬೇಳೆಯ ಸಪ್ಪಳ ನಿಂತಿತು.

‘ಇನ್ನೊಮ್ಮೆ ಹಚ್ಚು’ ಎಂದಳು ಅವ್ವ. ಹಚ್ಚಿದೆ. ‘ಏನ್ ಹೋಗೇತಿ ಅಂದ?’

‘ಡಿಫ್ರನ್ಸ್.’

‘ನೀಲಾನ ಹೇಳಿಸ್ಯಾಳ. ಆಕಿ ತಾ ಬಾಯಿಬಿಟ್ಟು ಹೇಳಾಕಿ ಅಲ್ಲ’ ಎನ್ನುತ್ತ ಅವ್ವ ಎದ್ದಳು. ‘ಮುರಗೋಡದ ಮಠದಾಗ ಕುಂತು ಮಾತಾಡೂಣು ಅಂತ ಇರಬೇಕು. ಅರ್ಧಾ ದಾರಿ ಆಕಿ ಬಂದಾಳ, ಅರ್ಧಾ ದಾರಿ ನಾವು ಹೋಗೂದು. ಶಾಣೇಕಿ ಆಕಿ.’

ಜೀಪಿನ ಕೆಳಗೆ ಮಲಗಿ ಬೆಳೆದ ನನಗೂ ಆ ಗಳಿಗೆಯಲ್ಲಿ ಬೇರೆ ಅರ್ಥ ಹೊಳೆಯಲಿಲ್ಲ. ಅವ್ವನ ಮುಖ ನೋಡಿ ನನಗೂ ಅದೇ ನಿಜವೆನಿಸಿತು. ಅವಳು ಹಿಂದಿನ ದಿನ ಗೋದಿ ಬೆಲ್ಲ ಹಾಕಿ ಮಾಡಿದ ಮಾದಲಿಯನ್ನು ಸ್ಟೀಲಿನ ಡಬ್ಬಿಗೆ ತುಂಬಿ, ತುಪ್ಪದ ಸಣ್ಣ ಗಿಂಡಿ ಬೇರೆ ಕಟ್ಟಿಕೊಂಡು, ನಾನು ಕೈ ತೊಳೆಯುವಷ್ಟರಲ್ಲಿ ಕಾರಿನಲ್ಲಿ ಕೂತಿದ್ದಳು.

ನಾನು ಕಾರು ಓಡಿಸುವುದೆಂದರೆ ಕಬ್ಬಿನ ಟ್ರ್ಯಾಕ್ಟರುಗಳೂ ನನ್ನನ್ನು ಹಿಂದೆ ಹಾಕುತ್ತವೆ. ದಾರಿಯಲ್ಲಿ ಮಠದ ಎದುರು ನಿಲ್ಲಿಸಬೇಕೋ ಹಿಂದೆಯೋ ಎಂದು ಕೇಳಲು ಗಾಡಿ ಬದಿಗೆ ನಿಲ್ಲಿಸಿ, ಕೆಳಗಿಳಿದು ಬಸುವಿಗೆ ಫೋನ್ ಮಾಡಿದೆ.

‘ಮಠ ಎಲ್ಲಿಂದ ಬಂತು ಅಕ್ಕಾ? ಗ್ಯಾರೇಜಿನ್ಯಾಗ ಅದೇವಿ. ಗಾಡಿದು ಡಿಫ್ರನ್ಸ್ ಹೋಗೇತಿ. ಸಂಜೀಕ ಕಿತ್ತೂರಾಗ ನಮ್ಮ ಮಂದೀದು ನಿಶ್ಚಯ ಐತಿ, ಅವ್ವನ ಅಲ್ಲಿಗೆ ಮುಟ್ಟಸಬೇಕಾಗಿತ್ತು.’

ಸವದತ್ತಿಯಿಂದ ಕಿತ್ತೂರಿಗೆ ಹೋಗುವ ಅವರ ದಾರಿ ನಮ್ಮ ಮನೆಯ ಮುಂದೆಯೇ ಹಾಯುತ್ತದೆ. ಅಂದರೆ ಚಿಗವ್ವ ಯಾರನ್ನೂ ಕರೆದಿರಲಿಲ್ಲ. ನಮ್ಮ ಬಾಗಿಲು ದಾಟಿ ಹೋಗುವವಳಿದ್ದಳು. ಕಾರಿನ ಗಾಜಿನಲ್ಲಿ ನೋಡಿದರೆ ಅವ್ವ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಈಗಲೇ ಹೇಳಿದರೆ ತಿರುಗಿ ಮನೆಗೆ, ಮತ್ತೆ ಆ ಬೇಳೆಯ ಮೊರ. ಹೇಳದೆ ಒಯ್ದರೆ, ತಾನು ಕರೆಯದೆ ಬಂದವಳು ಎಂಬುದು ತಂಗಿಯ ಎದುರಿಗೇ ಗೊತ್ತಾಗಿ ಎರಡನೆಯ ಸಲ ಮುಖಭಂಗ. ಆಮೇಲೆ ಅವಳು ಜನ್ಮದಲ್ಲಿ ಸವದತ್ತಿಯ ಹೆಸರೆತ್ತಲಿಕ್ಕಿಲ್ಲ.

‘ಏನಂದ?’ ಎಂದಳು ಅವ್ವ.

‘ಕುಂತಾರಂತ’ ಎಂದು ಹೇಳಿ ಗಾಡಿ ಚಾಲೂ ಮಾಡಿದೆ.

ಇದು ಆ ಬೋರ್ಡಿನ ಗ್ಯಾರೇಜಲ್ಲ, ಮುರಗೋಡದ ಹೊರಗಿನ ಇನ್ನೊಂದು. ಬಸುವಿನ ಕಾರು ಮುಂದಿನ ಗಾಲಿ ಕಳಚಿಕೊಂಡು ಜಾಕಿನ ಮೇಲೆ ನಿಂತಿತ್ತು. ಯಾವುದೋ ಹಳೆಯ ವ್ಯಾನಿನಿಂದ ಕಿತ್ತ ಉದ್ದನೆಯ ಸೀಟನ್ನು ಗೋಡೆಗೆ ಹಚ್ಚಿ ಹಾಕಿದ್ದರು. ಅದರ ಒಂದು ತುದಿಗೆ ಚಿಗವ್ವ ಒಬ್ಬಳೇ ಕೂತಿದ್ದಳು. ಗ್ಯಾರೇಜು ನೋಡಿ ಅವ್ವ ಏನಾದರೂ ಕೇಳಿಯಾಳು ಎಂದು ನಾನು ಒಂದು ಹೆಜ್ಜೆ ಹಿಂದೆಯೇ ಉಳಿದೆ. ಅವಳು ಏನೂ ಕೇಳಲಿಲ್ಲ. ಸೀದಾ ಹೋಗಿ ತಂಗಿಯ ಪಕ್ಕ ಕೂತು, ಡಬ್ಬಿ ತೆಗೆದು, ‘ತಿನ್ನು, ಮುಂಜಾನಿಂದ ಏನೂ ತಿಂದಿರಾಕಿಲ್ಲ ನೀ’ ಎಂದಳು. ಚಿಗವ್ವನ ಕಣ್ಣಲ್ಲಿ ನೀರು ತುಂಬಿತು. ಗಾಡಿ ಕೆಟ್ಟ ಸುದ್ದಿ ಕೇಳಿ ಅಕ್ಕ ಸಿಟ್ಟು ಮರೆತು ಓಡಿಬಂದಳೆಂದು ಅವಳು ತಿಳಿದಿದ್ದಳು. ತಂಗಿ ಸೋತು ಕರೆಸಿದಳೆಂದು ಅವ್ವ ತಿಳಿದಿದ್ದಳು. ಎರಡೂ ಗೊತ್ತಿದ್ದ ನಾನು ಅಲ್ಲಿ ನಿಲ್ಲಲಾರದೆ ಮಿಸ್ತ್ರಿಯ ಮೇಜಿನ ಕಡೆ ಸರಿದೆ.

ಮಿಸ್ತ್ರಿ ಹುಸೇನಸಾಬ ಮಾತಿನ ಮನುಷ್ಯ. ಕಾರಿನ ಕೆಳಗೆ ಮಲಗಿದ್ದರೂ ಅವನ ಮಾತು ಹೊರಗೆ ನಡೆದೇ ಇರುತ್ತದೆ. ಸವದತ್ತಿಯ ದೊಡ್ಡ ದೊಡ್ಡ ಮಿಸ್ತ್ರಿಗಳು ಕೈಬಿಟ್ಟ ಗಾಡಿಗಳನ್ನು ತಾನು ಹೇಗೆ ಎಬ್ಬಿಸಿದೆ ಎಂಬ ಕಥೆ ಹೇಳುತ್ತಿದ್ದ. ಅವನ ಮೇಜಿನ ಮೇಲೆ ಬೇರೆ ಯಾವುದೋ ಚಿಕ್ಕ ಕಾರಿನ ಗೇರ್ ಬಾಕ್ಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಅದನ್ನು ನೋಡಿದ್ದೇ ನನಗೆ ಅವ್ವ, ಚಿಗವ್ವ ಇಬ್ಬರೂ ಕೊಂಚ ಮರೆತರು ಎಂದರೆ ನೀವು ಬೈದುಕೊಳ್ಳಬಾರದು. ಒಂದೇ ಡಬ್ಬಿಯಲ್ಲಿ ಒಂದು ಕಡೆ ಗೇರುಗಳು ಸಾಲಾಗಿ ಕೂತಿದ್ದವು, ಅವುಗಳ ಮಗ್ಗುಲಿಗೇ ರೊಟ್ಟಿಯ ಹಂಚಿನಷ್ಟಗಲದ ಹಲ್ಲಿನ ಚಕ್ರವಿತ್ತು. ಆ ಚಕ್ರಕ್ಕೆ ಒಂದು ಕಬ್ಬಿಣದ ಪಂಜರವನ್ನು ಬಿಗಿದಿದ್ದರು.

‘ಇದು ಏನ್ರಿ?’ ಎಂದೆ.

‘ಡಿಫ್ರನ್ಸ್ ರೀ ಅದು. ಜೀಪಿನ್ಯಾಗ ಗೇರ್ ಬಾಕ್ಸ್ ಮುಂದ, ಡಿಫ್ರನ್ಸ್ ಹಿಂದ, ನಡಕ ಉದ್ದಂದು ರಾಡು. ಈ ಸಣ್ಣ ಗಾಡ್ಯಾಗ ಎರಡೂ ಒಂದ ಡಬ್ಬ್ಯಾಗ, ಒಂದ ಎಣ್ಣ್ಯಾಗ. ಇದರದು ಒಂದು ಹಲ್ಲು ಮುರಿತಂದ್ರ ಆ ಚೂರು ಅದರ ಬಾಯಾಗೂ ಹೋಗತೈತಿ.’

‘ಯಾಕ ಒಂದ ಡಬ್ಬ್ಯಾಗ ಇಟ್ಟಾರ?’

‘ಕಂಪನ್ಯಾವ್ರು ಹಂಗ ಮಾಡ್ಯಾರ್ರೀ’ ಎಂದು ಅವನು ಮತ್ತೆ ತನ್ನ ಕಥೆಗೆ ಹೋದ.

ನಾನೇ ಯೋಚಿಸುತ್ತ ಹೋದೆ. ಇಂಜಿನ್ನು ಮುಂದೆ, ಎಳೆಯುವ ಗಾಲಿಯೂ ಮುಂದಿನವೇ ಆದರೆ, ಬಲವನ್ನು ಹಿಂದಿನ ತನಕ ಹೊತ್ತು ಒಯ್ಯುವುದು ಯಾಕೆ? ಗೇರಿನಿಂದ ಹೊರಬಿದ್ದದ್ದನ್ನು ಅಲ್ಲೇ ದೊಡ್ಡ ಚಕ್ರಕ್ಕೆ ದಾಟಿಸಿ, ಅಲ್ಲೇ ಎಡಬಲಕ್ಕೆ ಹಂಚಿದರಾಯಿತು. ನನ್ನ ಬಾಲ್ಯದ ಗಡಿಗೆ ಎಲ್ಲಿಯೂ ಹೋಗಿರಲಿಲ್ಲ. ಬಾನೆಟ್ಟಿನ ಕೆಳಗೆ ಗೇರುಗಳ ಜೊತೆ ಸೇರಿಕೊಂಡಿತ್ತು.

ಪಂಜರದೊಳಗೆ ನಾಲ್ಕು ಪುಟ್ಟ ಗೇರುಗಳಿದ್ದವು. ಎಡಬಲಕ್ಕೆ ಒಂದೊಂದು, ಅವೇ ಗಾಲಿಗಳಿಗೆ ಹೋಗುವ ಎಕ್ಸಲ್ಲುಗಳನ್ನು ಹಿಡಿಯುವವು. ಮೇಲೆ ಕೆಳಗೆ ಒಂದೊಂದು, ಅವು ಸುಮ್ಮನೆ ಒಂದು ಮೊಳೆಯ ಮೇಲೆ ಕೂತು ಆ ಎರಡಕ್ಕೂ ಹಲ್ಲು ಕೊಟ್ಟಿದ್ದವು. ಪಂಜರವನ್ನು ಒಂದು ಕೈಯಿಂದ ಅಲ್ಲಾಡದಂತೆ ಹಿಡಿದು ಎಡಗಡೆಯದನ್ನು ಮುಂದಕ್ಕೆ ತಿರುಗಿಸಿದೆ. ಬಲಗಡೆಯದು ಅಷ್ಟೇ ಹಿಂದಕ್ಕೆ ತಿರುಗಿತು. ಬೆರಳೆಲ್ಲ ಕಪ್ಪಾದರೂ ಮತ್ತೆ ಮತ್ತೆ ತಿರುಗಿಸಿದೆ. ಕಾರು ನೇರ ಹೋಗುವಾಗ ಇಡೀ ಪಂಜರವೇ ತಿರುಗುತ್ತದೆ, ಒಳಗಿನ ಪುಟಾಣಿಗಳು ತಮ್ಮ ಮೊಳೆಯ ಮೇಲೆ ಹೊರಳುವುದೇ ಇಲ್ಲ, ಎರಡೂ ಗಾಲಿ ಸಮಸಮ. ಕಾರು ಹೊರಳಿದಾಗ ಅವೂ ಸ್ವಲ್ಪ ಹೊರಳುತ್ತವೆ. ಆಗ ಒಂದು ಗಾಲಿಯಲ್ಲಿ ಎಷ್ಟು ಸುತ್ತು ಕಡಿಮೆಯಾಯಿತೋ ಇನ್ನೊಂದರಲ್ಲಿ ಅಷ್ಟೇ ಹೆಚ್ಚಾಗುತ್ತದೆ.

ಹೊರಳುವಾಗ ಗಾಲಿಗಳು ಸಮ ತಿರುಗಬಾರದು ಯಾಕೆ ಎಂಬುದಕ್ಕೆ ನನಗೆ ಕಟಕೋಳದ ಕಣ ನೆನಪಾಯಿತು. ಜೋಳದ ತೆನೆ ಹರವಿ, ಎತ್ತುಗಳಿಂದ ತುಳಿಸಿ ಕಾಳು ಬಿಡಿಸುವ ಹಂತಿ ಹೊಡೆಯುತ್ತಿದ್ದರು. ನಡುವೆ ಮೇಟಿಕಂಬ, ಅದಕ್ಕೆ ಒಂದೇ ಹಗ್ಗದಲ್ಲಿ ಸಾಲಾಗಿ ಕಟ್ಟಿದ ಎತ್ತುಗಳು. ಮೇಟಿಯ ಪಕ್ಕದ ಮುದಿ ಎತ್ತು ನಿದ್ದೆಗಣ್ಣಿನಲ್ಲಿ ಒಂದೊಂದೇ ಹೆಜ್ಜೆ ಹಾಕಿದರೆ, ಹೊರಗಿನ ತುದಿಯ ಹೋರಿ ಅಷ್ಟೇ ಹೊತ್ತಿನಲ್ಲಿ ಓಡಿ ಬರಬೇಕು. ಎಲ್ಲರೂ ಸಮನಾಗಿ ನಡೆಯಿರಿ ಎಂದು ಹಟ ಹಿಡಿದರೆ ಹಗ್ಗ ಹರಿಯುತ್ತದೆ, ಇಲ್ಲವೇ ಮುದಿ ಎತ್ತು ಬೀಳುತ್ತದೆ. ಕಾರಿನ ಒಳಗಾಲಿ, ಹೊರಗಾಲಿಗಳೂ ಹೀಗೆಯೇ. ಚಕ್ಕಡಿಗೆ ಈ ಗೇರುಗಳ ತಾಪತ್ರಯವಿಲ್ಲ, ಅದನ್ನು ಎಳೆಯುವುದು ಎತ್ತು, ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಿರುಗುತ್ತವೆ. ಕಾರಿನಲ್ಲಿ ಗಾಲಿಯನ್ನೇ ತಿರುಗಿಸಬೇಕು, ಎರಡಕ್ಕೂ ಇರುವುದು ಒಂದೇ ಇಂಜಿನ್ನು. ಇಷ್ಟು ತಿಳಿದದ್ದೇ ನನಗೆ ಉಪಮೆ ಕೊಡುವ ಚಪಲ ಬಂತು. ‘ಅಂದ್ರ ಇವೆರಡೂ ಗಾಲಿ ಅಕ್ಕ ತಂಗಿ ಇದ್ದಂಗ, ಅಲ್ಲೇನ್ರಿ?’ ಎಂದೆ. ಹುಸೇನಸಾಬ ಕಾರಿನ ಕೆಳಗಿನಿಂದ ತಲೆ ಹೊರಗೆ ಹಾಕಿ, ‘ಇಲ್ರಿ, ಗಾಲಿ ಇದ್ದಂಗ’ ಎಂದ.

ಆಮೇಲೆ ಎದ್ದು ನಿಂತು, ಅರಿವೆಗೆ ಕೈ ಒರೆಸಿಕೊಳ್ಳುತ್ತ, ಎಲ್ಲರಿಗೂ ಕೇಳುವಂತೆ ತನ್ನ ನಿರ್ಣಯ ಹೇಳಿದ. ‘ಬಸು, ನೀ ಸುಮ್ನ ಹೆದರಿಸಿದಿ. ಡಿಫ್ರನ್ಸ್ ಏನೂ ಹೋಗಿಲ್ಲ. ಡಿಫ್ರನ್ಸ್ ಗಟ್ಟಿ ಐತಿ.’

ಸೀಟಿನ ಮೇಲೆ ಮಾದಲಿ ಬಡಿಸುತ್ತಿದ್ದ ಅವ್ವನ ಕೈ ಹಾಗೇ ನಿಂತಿತು.

ಹುಸೇನಸಾಬನಿಗೆ ಅದೆಲ್ಲಿ ತಿಳಿಯಬೇಕು. ‘ಒಂದು ಕಡೀ ಎಕ್ಸಲ್ ತುಂಡಾಗೇತಿ ಅಷ್ಟ. ಡಿಫ್ರನ್ಸ್ ಚಲೋ ಐತಿ ಅಂತನ ಗಾಡಿ ಮುಂದ ಹೋಗವಲ್ದು. ಯಾವ ಕಡೀ ಹಗರ ಐತಿ, ಎಲ್ಲಾನೂ ಆ ಕಡೀನ ತಿರುಗಿಸಿಬಿಡತೈತಿ. ಗಟ್ಟಿ ಇದ್ದ ಗಾಲಿ ನಿಂತಲ್ಲೇ ನಿಂದರತೈತಿ. ಹೊಸಾ ಎಕ್ಸಲ್ ಹಾಕಿದ್ರಾತು’ ಎಂದು ಸಾಗಿಸಿದ. ಬೇರೆ ದಿನವಾಗಿದ್ದರೆ ನಾನು ಅವನಿಗೆ ಇನ್ನೂ ಹತ್ತು ಪ್ರಶ್ನೆ ಕೇಳುತ್ತಿದ್ದೆ.

ಅವ್ವ ನನ್ನನ್ನು ನೋಡಿದಳು. ಜಾಕಿನ ಮೇಲಿನ ಕಾರನ್ನು ನೋಡಿದಳು. ಆಮೇಲೆ ತಂಗಿಯ ಕಡೆ ಹೊರಳಿ, ‘ನೀವು ಎಲ್ಲಿಗೆ ಹೊಂಟಿದ್ರಿ?’ ಎಂದಳು.

‘ಕಿತ್ತೂರಿಗೆ’ ಎಂದಳು ಚಿಗವ್ವ.

‘ನಮ್ಮ ಮನಿ ಮುಂದ ಹಾದು.’

ಅವ್ವ ಡಬ್ಬಿಗೆ ಮುಚ್ಚಳ ಹಾಕಿ ಎದ್ದು, ‘ನಡಿ’ ಎಂದಳು ನನಗೆ.

‘ಈಗ ಬಂದಾಕಿ, ಹಿಂಗ ಎಲ್ಲಿಗೆ ಹೊಂಟಿ ಅಕ್ಕಾ?’ ಎಂದಳು ಚಿಗವ್ವ.

‘ಗಾಡಿ ಕೆಟ್ಟೈತಿ ಅಂತ ಬಂದಾಕಿ ಅಲ್ಲ ನಾ. ಬಸೂ ಡಿಫ್ರನ್ಸ್ ಹೋಗೇತಿ ಅಂದ. ನಮ್ಮಿಬ್ಬರದ ಅಂತ ತಿಳಕೊಂಡೆ. ನೀ ಕರಸೀದಿ ಅಂತ ಬಂದೆ, ನೀಲಾ.’

ಹುಸೇನಸಾಬ ಅರಿವೆಯನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಕಾರಿನ ಕೆಳಗೆ ಸರಿದ. ಚಿಗವ್ವ ಅವ್ವನ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದಳು, ಯಾವಾಗ ಹಿಡಿದಳೋ ನಾನು ನೋಡಿರಲಿಲ್ಲ.

‘ನಿಮ್ಮ ಓಣಿ ಬಾಯಿಗೆ ಗಾಡಿ ನಿಂದ್ರಸು ಅಂತ ಇವಗ ಹೇಳಿದ್ದೆ, ಕೇಳು ಬೇಕಾದ್ರ’ ಎಂದಳು. ‘ನಿಂದ್ರಿಸಿದ್ರ ಏನಂತ ಇಳೀಲಿ? ಅದೊಂದು ತಿಳಿವಲ್ದಾಗಿತ್ತು ನೋಡು ಅಕ್ಕಾ. ಸವದತ್ತಿ ಬಿಟ್ಟಾಗಿಂದ ಅದನ್ನ ವಿಚಾರ ಮಾಡಕೋತ ಬಂದೇನಿ.’

ಅವ್ವ ನಿಂತೇ ಇದ್ದಳು.

‘ಡಿಫ್ರನ್ಸ್ ಗಟ್ಟಿ ಐತಿ ಅಂತ ಮಿಸ್ತ್ರಿ ಹೇಳಿದ್ರಲ್ಲ’ ಎಂದಳು ಚಿಗವ್ವ, ಸೆರಗು ಬಿಡದೆ. ‘ಇರ್ಲಿ ಬಿಡು. ಅದೂ ಇರ್ಲಿ, ನೀನೂ ಇರು. ಕುಂದ್ರು.’

ಅವ್ವ ಕೂತಳು.